ಬಾಲ್ಯದ ಇತಿಹಾಸ ಹೇಳುವ ಹನ್ನೆರಡು ಪಾಠಗಳ ಆನ್‌ಲೈನ್ ಕೋರ್ಸ್: ಖಂಡಿತ ನೋಡಿ, ಎಂಟು ಮತ್ತು ಒಂಬತ್ತನೇ ಪಾಠ ಮಾತ್ರ ಹುಷಾರಾಗಿ ನೋಡಿ

ಬಾಲ್ಯದ ಇತಿಹಾಸದ ಮೇಲಿನ ಒಂದು ಆನ್‌ಲೈನ್ ಕೋರ್ಸನ್ನು ಮೊನ್ನೆ ಮುಗಿಸಿದೆ. ಹನ್ನೆರಡು ಪಾಠ, ಒಂದೊಂದೂ ಮುಕ್ಕಾಲು ಗಂಟೆ, ಜೊತೆಗೆ ಓದಲು ಒಂದಿಷ್ಟು ಪುಟ, ಪಾಠದ ಕೊನೆಗೆ ಹತ್ತು ಪ್ರಶ್ನೆಗಳ ಕ್ವಿಜ್. ಮಗಳು ಮಲಗಿದ ಮೇಲೆ ವಾರಕ್ಕೊಂದರಂತೆ ನೋಡಿದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ. ಆದರೆ ಮಕ್ಕಳಿರುವವರು, ಮಕ್ಕಳಿಗೆ ಪಾಠ ಹೇಳುವವರು, ಮಕ್ಕಳನ್ನು ಹೀಗೇ ಬೆಳೆಸಬೇಕು ಅಂತ ಯಾರಾದರೂ ಹೇಳಿದಾಗ ಒಳಗೊಳಗೇ ಅನುಮಾನ ಬರುವವರು, ಇವರೆಲ್ಲ ಇದನ್ನು ನೋಡಲೇಬೇಕು.

ನಾನು ಸೇರಿದ್ದು ಆ ಅನುಮಾನದಿಂದಲೇ. ಮಗಳು ಹುಟ್ಟಿದ ದಿನದಿಂದ ಸಲಹೆ ಕೇಳಿ ಕೇಳಿ ಸಾಕಾಗಿತ್ತು. ಅಳಲು ಬಿಡಿ ಅನ್ನುವವರು, ಒಂದು ನಿಮಿಷವೂ ಅಳಲು ಬಿಡಬೇಡಿ ಅನ್ನುವವರು. ಬೇರೆ ಮಲಗಿಸಿ, ಇಲ್ಲ ಪಕ್ಕದಲ್ಲೇ ಮಲಗಿಸಿಕೊಳ್ಳಿ. ಮನೆಗೆಲಸ ಕಲಿಸಿ, ಇಲ್ಲ ಮನೆಗೆಲಸ ಹೇಳಿ ಬಾಲ್ಯ ಕಿತ್ತುಕೊಳ್ಳಬೇಡಿ. ತಮಾಷೆಯಲ್ಲ, ಎಲ್ಲರೂ ಮಾತು ಶುರು ಮಾಡುವುದು 'ಮಕ್ಕಳ ಸ್ವಭಾವವೇ ಹಾಗೆ' ಅಂತಲೇ. ಸ್ವಭಾವ ಒಂದೇ ಆಗಿದ್ದರೆ ಸಲಹೆ ಹತ್ತು ಯಾಕೆ? ಈ ಪ್ರಶ್ನೆ ಕೊರೆಯುತ್ತಿದ್ದಾಗಲೇ ಈ ಕೋರ್ಸ್ ಕಣ್ಣಿಗೆ ಬಿತ್ತು.

ಮೊದಲ ಪಾಠ ಕೇಳುವುದು ಒಂದೇ ಪ್ರಶ್ನೆ: ಮಗು ಅಂದರೆ ಯಾರು? ಹದಿನೆಂಟು ತುಂಬದವರು ಅಂತ ನಾವು ಥಟ್ಟನೆ ಹೇಳುತ್ತೇವೆ. ಆದರೆ ಆ ಗೆರೆ ಜಗತ್ತಿಗೆಲ್ಲ ಸಾಮಾನ್ಯ ಆಗಿದ್ದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಿಂದ. ರೋಮನ್ ಕಾನೂನಿನಲ್ಲಿ ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿನಾಲ್ಕು ಆದರೆ ಮದುವೆ ಆಗಬಹುದಿತ್ತು. ಸ್ಪಾರ್ಟಾದಲ್ಲಿ ಏಳು ತುಂಬಿದ ಹುಡುಗ ಮನೆ ಬಿಟ್ಟು ಸಾಮೂಹಿಕ ತರಬೇತಿಗೆ ಹೋಗಬೇಕಿತ್ತು. ಮಧ್ಯಯುಗದ ಯೂರೋಪಿನ ಪಂಡಿತರು ಏಳರವರೆಗೆ ಒಂದು ಹಂತ, ಅಲ್ಲಿಂದ ಹದಿನಾಲ್ಕರವರೆಗೆ ಇನ್ನೊಂದು ಅಂತ ಲೆಕ್ಕ ಹಾಕಿದ್ದರು. ಇನ್ನು ಪದಗಳ ಕಥೆ. ಹಳೆಯ ಗ್ರೀಕ್ ಭಾಷೆಯಲ್ಲಿ ಮಗುವಿಗೂ ಗುಲಾಮನಿಗೂ 'ಪೈಸ್' ಅನ್ನುವ ಒಂದೇ ಪದ ಬಳಸುತ್ತಿದ್ದರು. ಫ್ರೆಂಚಿನ 'ಗಾರ್ಸೋಂ' ಹುಡುಗನೂ ಹೌದು, ಬಡಿಸುವ ಆಳೂ ಹೌದು. ವಯಸ್ಸಿನ ಜೊತೆಗೆ, ಬೇರೆಯವರ ಮಾತು ಕೇಳಬೇಕಾದ ಸ್ಥಾನವನ್ನೂ ಈ ಪದಗಳು ಹೇಳುತ್ತವೆ. ಇಲ್ಲಿ ನಾನು ವಿಡಿಯೋ ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ನಾವು ಕೂಸು, ಮಗು, ಹುಡುಗ, ಪ್ರಾಯದವನು ಅನ್ನುತ್ತೇವೆ, ಯಾವುದಕ್ಕೂ ಇಷ್ಟೇ ವರ್ಷ ಅಂತ ಇಲ್ಲ. 'ಇನ್ನೂ ಬುದ್ಧಿ ಬಂದಿಲ್ಲ' ಅನ್ನುತ್ತೇವಲ್ವಾ, ಆ ಬುದ್ಧಿ ಬರುವುದು ಯಾವ ಹುಟ್ಟುಹಬ್ಬದ ದಿನ?

ಎರಡನೇ ಪಾಠ ಪೂರ್ತಿ ಫಿಲಿಪ್ ಆರಿಯೆಸ್ ಅನ್ನುವ ಫ್ರೆಂಚ್ ಇತಿಹಾಸಕಾರನಿಗೆ ಮೀಸಲು. ಮಧ್ಯಯುಗದ ಸಮಾಜದಲ್ಲಿ ಬಾಲ್ಯ ಅನ್ನುವ ಕಲ್ಪನೆಯೇ ಇರಲಿಲ್ಲ ಅಂತ 1960ರಲ್ಲಿ ಅವನು ಬರೆದ. ಹಳೆಯ ಚಿತ್ರಗಳಲ್ಲಿ ಮಕ್ಕಳು ಕುಳ್ಳಗಿನ ದೊಡ್ಡವರ ಹಾಗೆ ಕಾಣುತ್ತಾರೆ, ದೊಡ್ಡವರ ಬಟ್ಟೆಯನ್ನೇ ಹಾಕಿಕೊಂಡಿರುತ್ತಾರೆ. ಮಗು ಅಮ್ಮ, ಆಯಾ ಇಲ್ಲದೆ ಬದುಕಬಲ್ಲದು ಅನ್ನುವ ಹಂತಕ್ಕೆ ಬಂದ ಕೂಡಲೇ ದೊಡ್ಡವರ ಲೋಕದೊಳಗೆ ಸೇರಿಹೋಗುತ್ತಿತ್ತು, ಅದೇ ಕೆಲಸ, ಅದೇ ಆಟ, ಅದೇ ಮಾತು. ವಯಸ್ಸಿನ ಪ್ರಕಾರ ಮಕ್ಕಳನ್ನು ಬೇರೆ ಮಾಡಿ ಕೂರಿಸುವ ಶಾಲೆ ಮತ್ತು ಬಾಗಿಲು ಹಾಕಿಕೊಂಡು ಒಳಗಿರುವ ಕುಟುಂಬ ಬಂದ ಮೇಲೆ ಬಾಲ್ಯ ಅನ್ನುವುದು ಬೇರೆಯಾಗಿ ನಿಂತಿತು, ಇದು ಅವನ ವಾದ. ಈ ಪಾಠ ನೋಡುವಾಗ ನಾನು ಪೂರ್ತಿ ಒಪ್ಪಿಬಿಟ್ಟಿದ್ದೆ. ಪ್ರೊಫೆಸರ್ ಹೇಳುವ ರೀತಿ ಅಷ್ಟು ಚೆನ್ನಾಗಿದೆ. ಆರಿಯೆಸ್ ಪ್ರೀತಿ ಇರಲಿಲ್ಲ ಅಂತ ಹೇಳಲಿಲ್ಲ, ಬಾಲ್ಯವನ್ನು ಬೇರೆಯೇ ಆದ ಒಂದು ಹಂತವಾಗಿ ನೋಡುವ ಅರಿವು ಇರಲಿಲ್ಲ ಅಂತ ಹೇಳಿದ, ಇವೆರಡನ್ನೂ ಗೊಂದಲ ಮಾಡಿಕೊಳ್ಳಬೇಡಿ ಅಂತ ಅವರು ಎರಡು ಸಲ ಎಚ್ಚರಿಸುತ್ತಾರೆ. ಅದು ಒಳ್ಳೆಯ ಕೆಲಸ, ಯಾಕೆಂದರೆ ಆಮೇಲೆ ಬಂದ ಎಷ್ಟೋ ಜನ 'ಹಿಂದಿನವರು ಮಕ್ಕಳನ್ನು ಪ್ರೀತಿಸುತ್ತಲೇ ಇರಲಿಲ್ಲ' ಅಂತ ಹೇಳಿಕೊಂಡು ತಿರುಗಿದರು.

ಮೂರನೇ ಪಾಠದಲ್ಲಿ ಅದೇ ವಾದವನ್ನು ಒಂದೊಂದಾಗಿ ಬಿಚ್ಚುತ್ತಾರೆ. ಇಡೀ ಕೋರ್ಸಿನ ಜೀವ ಇರುವುದು ಇಲ್ಲಿ. ಲಂಡನ್ನಿನ ಥೇಮ್ಸ್ ನದಿಯ ಕೆಸರಿನಲ್ಲಿ ಸಿಕ್ಕ, ಸುಮಾರು 1300ರ ಕಾಲದ, ಕುದುರೆ ಮೇಲೆ ಕೂತ ಪುಟ್ಟ ಲೋಹದ ಸೈನಿಕ. ಅಚ್ಚಿನಲ್ಲಿ ಎರಕ ಹೊಯ್ದ ಆಟಿಕೆ ಅದು, ಅಂದರೆ ಒಂದೇ ಮಗುವಿಗೆ ಅಂತ ಮಾಡಿದ್ದಲ್ಲ, ಕೊಳ್ಳುವವರಿದ್ದರು. 1560ರಲ್ಲಿ ಬ್ರೂಗೆಲ್ ಬರೆದ ಚಿತ್ರದಲ್ಲಿ ಒಂದು ಪಟ್ಟಣದ ಚೌಕದ ತುಂಬ ಇನ್ನೂರಕ್ಕೂ ಜಾಸ್ತಿ ಮಕ್ಕಳು ಆಡುತ್ತಿದ್ದಾರೆ. ಇನ್ನೂ ಹಿಂದೆ ಹೋದರೆ, ಇಂದಿನ ಜರ್ಮನಿಯ ಬವೇರಿಯಾದಲ್ಲಿ ಪುಟ್ಟ ಮಕ್ಕಳ ಸಮಾಧಿಗಳಲ್ಲಿ ಸಿಕ್ಕ, ಕೊಳವೆ ಇರುವ ಮಣ್ಣಿನ ಕುಡಿಕೆಗಳು. ಎರಡೂವರೆ ಸಾವಿರ ವರ್ಷಕ್ಕೂ ಹಳೆಯವು. ಅದರ ಒಳಗೋಡೆಯಲ್ಲಿ ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಅಂಶ ಇತ್ತು ಅಂತ 2019ರಲ್ಲಿ ಗೊತ್ತಾಯಿತು. ಯಾರೋ ಅದನ್ನು ಮಗುವಿನ ಬಾಯಿಗೆ ಹಿಡಿದಿದ್ದರು, ಆಮೇಲೆ ಮಗುವಿನ ಜೊತೆಗೇ ಮಣ್ಣಿಗೆ ಇಟ್ಟರು. ಪ್ರೊಫೆಸರ್ ಇಷ್ಟು ಹೇಳಿ ಸುಮ್ಮನಾಗುತ್ತಾರೆ, ಅವಸರ ಮಾಡುವುದಿಲ್ಲ.

ಇದೇ ಪಾಠದಲ್ಲಿ ಒನ್‌ಫಿಮ್ ಬರುತ್ತಾನೆ. 13ನೇ ಶತಮಾನದ ರಷ್ಯಾದ ನೊವ್‌ಗೊರೊದ್ ಪಟ್ಟಣದ ಹುಡುಗ, ಆರೋ ಏಳೋ ವರ್ಷ ಇರಬಹುದು. ಬರ್ಚ್ ಮರದ ತೊಗಟೆಯ ಮೇಲೆ ಅಕ್ಷರ ತಿದ್ದುತ್ತಿದ್ದ. ತೊಗಟೆಗಳು 1956ರಲ್ಲಿ ಮಣ್ಣಿನಡಿ ಸಿಕ್ಕವು. ಅಕ್ಷರಮಾಲೆ ಬರೆಯುತ್ತಾ ಬರೆಯುತ್ತಾ ಬೇಜಾರಾಗಿ ಚಿತ್ರ ಬರೆಯಲು ಶುರು ಮಾಡಿದ್ದಾನೆ. ಕುದುರೆ ಮೇಲೆ ಕೂತು ಶತ್ರುವಿಗೆ ಈಟಿ ಚುಚ್ಚುವ ವೀರ, ಪಕ್ಕದಲ್ಲಿ ತನ್ನದೇ ಹೆಸರು. ಇನ್ನೊಂದರಲ್ಲಿ ಒಂದು ವಿಚಿತ್ರ ಪ್ರಾಣಿ, 'ನಾನು ಕಾಡುಮೃಗ' ಅಂತ ಬರಹ. ಈ ಭಾಗವನ್ನು ಮರುದಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ನೋಡಿದೆ. ಅವಳಿಗೆ ಒಂಬತ್ತು. ಅವಳು ಮೊದಲು ನೋಡಿದ್ದು ಕೈಗಳನ್ನು. ಒಂದು ಕೈಗೆ ಮೂರು ಬೆರಳು, ಇನ್ನೊಂದಕ್ಕೆ ಮತ್ತೆಷ್ಟೋ. "ಅಮ್ಮ, ಇವನೂ ನನ್ನ ಥರ ಬೆರಳು ಎಣಿಸದೆ ಬರೆದಿದ್ದಾನೆ" ಅಂದಳು. ಮಧ್ಯಯುಗದಲ್ಲಿ ಬಾಲ್ಯ ಇತ್ತೋ ಇಲ್ಲವೋ ಅನ್ನುವ ಚರ್ಚೆಯಲ್ಲಿ ನನ್ನ ಮಟ್ಟಿಗೆ ಅದೇ ಕೊನೆಯ ಸಾಕ್ಷಿ.

ಆಮೇಲೆ ದುಃಖದ ವಿಷಯ. ಫ್ರಾನ್ಸಿನ ಮೊಂಟೇನ್ ಅನ್ನುವ ಲೇಖಕ ತನ್ನ ಎರಡೋ ಮೂರೋ ಮಕ್ಕಳು ಕೂಸುಗಳಾಗಿದ್ದಾಗಲೇ ಸತ್ತವು, ಬೇಸರ ಆಯಿತು, ಆದರೆ ತೀರಾ ಸಂಕಟವೇನೂ ಆಗಲಿಲ್ಲ ಅನ್ನುವ ಅರ್ಥದಲ್ಲಿ ಬರೆದುಕೊಂಡಿದ್ದಾನೆ. ಎರಡೋ ಮೂರೋ! ಆ 'ಓ' ಓದಿ ನನ್ನ ಎದೆ ಧಸಕ್ಕೆಂದಿತು. ಹಿಂದಿನವರಿಗೆ ಮಕ್ಕಳ ಮೇಲೆ ಅಂಟು ಇರಲಿಲ್ಲ ಅನ್ನುವವರು ಈ ಸಾಲನ್ನೇ ಎತ್ತಿ ತೋರಿಸುತ್ತಾರೆ. ಆದರೆ ಅದೇ ಶತಮಾನದಲ್ಲಿ, 1542ರಲ್ಲಿ, ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನ ಹದಿಮೂರು ವರ್ಷದ ಮಗಳು ಮಾಗ್ದಲೇನಾ ಅಪ್ಪನ ತೋಳಿನಲ್ಲೇ ಸತ್ತಳು. ಮಗಳು ದೇವರ ಹತ್ತಿರ ಹೋದಳು ಅಂತ ಸಂತೋಷಪಡಬೇಕು, ಆದರೆ ನನ್ನಿಂದಲೂ ನನ್ನ ಹೆಂಡತಿಯಿಂದಲೂ ಆಗುತ್ತಿಲ್ಲ ಅಂತ ಅವನು ಗೆಳೆಯನಿಗೆ ಬರೆದ. ಅದಕ್ಕೂ ಸುಮಾರು ಒಂದೂವರೆ ಸಾವಿರ ವರ್ಷ ಹಿಂದೆ ರೋಮನ್ ಕವಿ ಮಾರ್ಷಿಯಲ್, ಆರು ತುಂಬಲು ಆರು ದಿನ ಇರುವಾಗ ಸತ್ತ ಎರೋಟಿಯಾನ್ ಅನ್ನುವ ಪುಟ್ಟ ಗುಲಾಮ ಹುಡುಗಿಗಾಗಿ ಬರೆದಿದ್ದಾನೆ: ಭೂಮಿಯೇ, ಅವಳ ಮೇಲೆ ಭಾರ ಹಾಕಬೇಡ, ಅವಳು ನಿನ್ನ ಮೇಲೆ ಭಾರವಾಗಿರಲಿಲ್ಲ. ಪ್ರೀತಿ ಹಳೆಯದು. ಅದು ಯಾವತ್ತೂ ಇತ್ತು. ಬದಲಾಗಿದ್ದು ಮಗುವಿನಿಂದ ಏನು ಕೇಳುತ್ತೇವೆ, ಅದನ್ನು ಯಾವಾಗ ಪೂರ್ತಿ ಮನುಷ್ಯ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಅನ್ನುವುದು. ಈ ಕೋರ್ಸಿನಿಂದ ನಾನು ಎತ್ತಿಕೊಂಡ ಮಾತು ಇದು, ಮುಂದಿನ ಎಲ್ಲಾ ಪಾಠಗಳನ್ನೂ ಇದೇ ಕಣ್ಣಿಂದ ನೋಡಿದೆ.

ನಾಲ್ಕನೇ ಪಾಠ ಸಾವಿನ ಲೆಕ್ಕ. ಆಧುನಿಕ ಕಾಲಕ್ಕೆ ಮುಂಚೆ, ಪ್ರಪಂಚದ ಎಲ್ಲಿ ನೋಡಿದರೂ ಹುಟ್ಟಿದ ಮಕ್ಕಳಲ್ಲಿ ಸುಮಾರು ಕಾಲು ಭಾಗ ಮೊದಲ ವರ್ಷದಲ್ಲೇ ಹೋಗುತ್ತಿದ್ದವು, ಸುಮಾರು ಅರ್ಧದಷ್ಟು ದೊಡ್ಡವರಾಗುವ ಮುಂಚೆ. ಇವತ್ತು ಐದು ವರ್ಷದೊಳಗೆ ಸಾಯುವ ಮಕ್ಕಳು ಜಗತ್ತಿನಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಈ ಎರಡು ಅಂಕಿಗಳನ್ನು ಪಕ್ಕ ಪಕ್ಕ ಇಟ್ಟರೆ ಉಳಿದ ಎಷ್ಟೋ ವಿಷಯ ತಾನಾಗಿ ಅರ್ಥ ಆಗುತ್ತದೆ. ಎರಡರಲ್ಲಿ ಒಂದು ಉಳಿಯುತ್ತದೆ ಅಂತ ಗೊತ್ತಿರುವ ಅಮ್ಮ, ಉಳಿದೇ ಉಳಿಯುತ್ತದೆ ಅಂತ ನಂಬಿರುವ ಅಮ್ಮ, ಇಬ್ಬರೂ ಕೂಸನ್ನು ನೋಡುವ ರೀತಿ ಒಂದೇ ಹೇಗಾಗಬೇಕು?

ಐದನೆಯದು ಲಾಕ್ ಮತ್ತು ರೂಸೋ ಅನ್ನುವ ಇಬ್ಬರು ತತ್ವಜ್ಞಾನಿಗಳ ಬಗ್ಗೆ. ಲಾಕ್ 1693ರಲ್ಲೇ ಮಕ್ಕಳಿಗೆ ಅಕ್ಷರವನ್ನು ಆಟದ ಹಾಗೆ, ದಾಳದ ಮೇಲೆ ಬರೆದು ಕಲಿಸಿ ಅಂದ. ರೂಸೋ 1762ರಲ್ಲಿ ಮಗು ಹುಟ್ಟುತ್ತಾ ಒಳ್ಳೆಯದು, ಅದನ್ನು ಅವಸರದಲ್ಲಿ ದೊಡ್ಡವರನ್ನಾಗಿ ಮಾಡಬೇಡಿ ಅಂದ. ಮಗು ಪಾಪ ಹೊತ್ತುಕೊಂಡೇ ಹುಟ್ಟುತ್ತದೆ, ಅದರ ಹಟ ಮುರಿಯಬೇಕು ಅಂತ ನಂಬಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಅದೇ ರೂಸೋ ತನ್ನ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಕಳುಹಿಸಿದ. ಪಾಠ ಚೆನ್ನಾಗಿದೆ, ಆದರೆ ಇದನ್ನೆಲ್ಲ ಮೊದಲೇ ಓದಿದ್ದವರು ಒಂದೂವರೆ ಪಟ್ಟು ವೇಗದಲ್ಲಿ ನೋಡಬಹುದು.

ಆರು, ಏಳನೇ ಪಾಠಗಳಿಗೆ ಮಾತ್ರ ಸಮಯ ಕೊಡಿ. ಆರನೆಯದು ಬ್ರಿಟನ್ನಿನ ಗಿರಣಿ ಮತ್ತು ಗಣಿಗಳ ಬಗ್ಗೆ. 1833ರ ಕಾಯ್ದೆ ಒಂಬತ್ತು ವರ್ಷದೊಳಗಿನವರನ್ನು ಬಟ್ಟೆ ಗಿರಣಿಗೆ ಸೇರಿಸಬಾರದು ಅಂದಿತು, ರೇಷ್ಮೆ ಗಿರಣಿ ಬಿಟ್ಟು. ಅಲ್ಲಿಂದ ಹದಿಮೂರರವರೆಗಿನವರು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. 'ಮಾತ್ರ' ಅನ್ನುವ ಪದ ನೋಡಿ. ಒಂಬತ್ತು ಅಂದರೆ ನನ್ನ ಮಗಳ ವಯಸ್ಸು. ಇಡೀ ದೇಶಕ್ಕೆ ನಾಲ್ಕೇ ಜನ ಇನ್‌ಸ್ಪೆಕ್ಟರುಗಳು. 1842ರಲ್ಲಿ ಗಣಿಗಳ ವರದಿ ಬಂತು. ವಿಚಾರಣೆ ಮಾಡುವವರು ಮಕ್ಕಳನ್ನೇ ಕೂರಿಸಿ ಕೇಳಿದ್ದರು. ಸಾರಾ ಗೂಡರ್ ಅನ್ನುವ ಎಂಟು ವರ್ಷದ ಹುಡುಗಿಯ ಕೆಲಸ, ಗಣಿಯೊಳಗೆ ಗಾಳಿ ಬಾಗಿಲ ಪಕ್ಕ ಕೂತು, ಬಂಡಿ ಬಂದಾಗ ಬಾಗಿಲು ತೆಗೆದು ಹಾಕುವುದು. ಕೆಲಸದಿಂದ ಸುಸ್ತಾಗಲ್ಲ, ಆದರೆ ದೀಪ ಇರಲ್ಲ, ಹೆದರಿಕೆ ಆಗುತ್ತದೆ ಅಂದಳು ಅವಳು. ಬೆಳಕಿದ್ದರೆ ಕೆಲವು ಸಲ ಹಾಡಿಕೊಳ್ಳುತ್ತೇನೆ, ಕತ್ತಲಲ್ಲಿ ಹಾಡುವ ಧೈರ್ಯ ಇಲ್ಲ ಅಂದಳು. ನಾನು ಇದನ್ನು ಕೇಳಿ ಕಂಪ್ಯೂಟರ್ ಮುಚ್ಚಿ ಹೋಗಿ ಮಗಳ ಪಕ್ಕ ಮಲಗಿದೆ. ಆ ವರ್ಷವೇ ಹತ್ತರೊಳಗಿನ ಹುಡುಗರಿಗೂ ಎಲ್ಲಾ ಹೆಂಗಸರಿಗೂ ಹುಡುಗಿಯರಿಗೂ ನೆಲದಡಿಯ ಗಣಿ ಕೆಲಸ ನಿಷೇಧ ಆಯಿತು.

ಒಂದು ಮಾತು ಇಲ್ಲಿ ಹೇಳಬೇಕು. ಮಕ್ಕಳು ಕೆಲಸ ಮಾಡುವುದು ಕಾರ್ಖಾನೆಯಿಂದ ಶುರುವಾಗಿದ್ದಲ್ಲ, ಯಾವ ಕಾಲದಲ್ಲೂ ಎಲ್ಲಾ ಕಡೆ ಮಕ್ಕಳು ಕೆಲಸ ಮಾಡಿದ್ದಾರೆ, ಅಪ್ಪ ಅಮ್ಮನ ಜೊತೆ, ಅವರ ಕಣ್ಣೆದುರು, ಸುಸ್ತಾದಾಗ ಕೂತು, ಮಧ್ಯೆ ಮಧ್ಯೆ ಆಡಿ. ಕಾರ್ಖಾನೆ ಆ ಕೆಲಸವನ್ನು ಗಡಿಯಾರಕ್ಕೂ ಯಂತ್ರಕ್ಕೂ ಅಪರಿಚಿತರಿಗೂ ಒಪ್ಪಿಸಿತು. ಪ್ರೊಫೆಸರ್ ಈ ವ್ಯತ್ಯಾಸವನ್ನು ಬಹಳ ಚೆನ್ನಾಗಿ ಬಿಡಿಸುತ್ತಾರೆ. 'ಹಿಂದೆ ಮಕ್ಕಳು ದುಡಿಯುತ್ತಿದ್ದರು, ಆದ್ದರಿಂದ ತಪ್ಪೇನಿಲ್ಲ' ಅನ್ನುವವರಿಗೂ, 'ಮಕ್ಕಳ ಕೈಗೆ ಯಾವ ಕೆಲಸ ಕೊಟ್ಟರೂ ತಪ್ಪು' ಅನ್ನುವವರಿಗೂ ಇಲ್ಲಿ ಉತ್ತರ ಇದೆ.

ಏಳನೇ ಪಾಠ ಅಮೆರಿಕದ್ದು, ದುಡ್ಡಿನ ಲೆಕ್ಕದ್ದು. ವಿವಿಯಾನಾ ಝೆಲಿಝರ್ ಅನ್ನುವ ಸಮಾಜಶಾಸ್ತ್ರಜ್ಞೆ ಹುಡುಕಿ ತೆಗೆದ ಒಂದು ಕೋರ್ಟ್ ಕೇಸು. 1896ರಲ್ಲಿ ಜಾರ್ಜಿಯಾದಲ್ಲಿ ರೈಲಿನಿಂದಾಗಿ ಎರಡು ವರ್ಷದ ಮಗು ಸತ್ತಿತು, ಅಪ್ಪ ಅಮ್ಮ ಪರಿಹಾರ ಕೇಳಿದರು. ಅವರ ವಾದ ಏನು ಗೊತ್ತಾ? ಮಗ ತಿಂಗಳಿಗೆ ಎರಡು ಡಾಲರಿನಷ್ಟು ಕೆಲಸ ಮಾಡಿಕೊಡುತ್ತಿದ್ದ, ಪಕ್ಕದ ಮನೆಗೆ ಹೋಗಿ ಬರುತ್ತಿದ್ದ, ಚಿಕ್ಕ ಮಗುವನ್ನು ಆಡಿಸುತ್ತಿದ್ದ ಅಂತ. ಇಷ್ಟು ಎಳೆಯ ಮಗುವಿಗೆ ದುಡಿಯುವ ಶಕ್ತಿಯೇ ಇಲ್ಲ, ಆದ್ದರಿಂದ ಪರಿಹಾರ ಇಲ್ಲ ಅಂದಿತು ಕೋರ್ಟು, ಮಣ್ಣು ಮಾಡುವ ಖರ್ಚು ಮಾತ್ರ ಕೊಡಿಸಿತು. 1979ರಲ್ಲಿ ನ್ಯೂಯಾರ್ಕಿನಲ್ಲಿ ಮೂರು ವರ್ಷದ ಮಗು ಹಲ್ಲಿನ ಚಿಕಿತ್ಸೆಯ ವೇಳೆ ಸತ್ತಾಗ ಸಿಕ್ಕ ಪರಿಹಾರ 7,50,000 ಡಾಲರ್. ಆ ಮಗುವೂ ಒಂದು ಕಾಸು ದುಡಿಯುತ್ತಿರಲಿಲ್ಲ. ದುಡಿಮೆಯ ಲೆಕ್ಕದಲ್ಲಿ ಮಗುವಿನ ಬೆಲೆ ಸೊನ್ನೆಯಾಗುತ್ತಾ ಹೋದ ಹಾಗೆ, ಮನಸ್ಸಿನ ಲೆಕ್ಕದಲ್ಲಿ ಬೆಲೆ ಕಟ್ಟಲಾಗದ ಹಾಗಾಯಿತು, ಸುಮಾರು 1870ರಿಂದ 1930ರ ನಡುವೆ. ಬರೀ ಅರವತ್ತು ವರ್ಷ! ಲೂಯಿಸ್ ಹೈನ್ 1908ರಿಂದ ಊರೂರು ತಿರುಗಿ ಗಿರಣಿ, ಗಣಿಗಳ ಮಕ್ಕಳ ಫೋಟೋ ತೆಗೆದ. 1938ರಲ್ಲಿ ಕೊನೆಗೂ ಮಕ್ಕಳ ದುಡಿಮೆಗೆ ಕಡಿವಾಣ ಹಾಕುವ, ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಗಟ್ಟಿಯಾಗಿ ನಿಂತಿತು. ನಾವು 'ಅನಾದಿಕಾಲದಿಂದ ಹೀಗೇ' ಅಂದುಕೊಳ್ಳುವ ಬಾಲ್ಯ, ಅಂದರೆ ದುಡಿಮೆ ಇಲ್ಲ, ಶಾಲೆ ಇದೆ, ಆಟ ಇದೆ ಅನ್ನುವ ಬಾಲ್ಯ, ನಮ್ಮ ಮುತ್ತಜ್ಜಿಯರಷ್ಟೇ ಹಳೆಯದು.

ಈಗ ಎಂಟು, ಒಂಬತ್ತನೇ ಪಾಠಗಳು. ಬೇರೆ ಬೇರೆ ಸಂಸ್ಕೃತಿಗಳಲ್ಲಿ ಬಾಲ್ಯ. ಇದಕ್ಕೇ ನಾನು ಜಾಸ್ತಿ ಕಾದಿದ್ದೆ, ಇಲ್ಲೇ ನನಗೆ ಬೇಸರವೂ ಆಗಿದ್ದು. ವಿಷಯ ಮಾತ್ರ ಒಂದಕ್ಕಿಂತ ಒಂದು ಚೆನ್ನ. ಐವರಿ ಕೋಸ್ಟಿನ ಬೆಂಗ್ ಜನರ ಬಗ್ಗೆ ಮಾನವಶಾಸ್ತ್ರಜ್ಞೆ ಆಲ್ಮಾ ಗಾಟ್ಲೀಬ್ ಬರೆದಿದ್ದು: ಅವರ ನಂಬಿಕೆಯಲ್ಲಿ ಕೂಸು ಖಾಲಿ ಹಲಗೆ ಅಲ್ಲ, ಅದು 'ರುಗ್ಬೆ' ಅನ್ನುವ ಸತ್ತವರ ಲೋಕದಿಂದ ಈಗಷ್ಟೇ ಬಂದಿದೆ. ಅಲ್ಲಿ ಎಲ್ಲಾ ಭಾಷೆಗಳೂ ಅದಕ್ಕೆ ಗೊತ್ತಿದ್ದವು. ಹಾಗಾಗಿ ಅಳುವ ಕೂಸು ಏನೋ ಹೇಳುತ್ತಿದೆ ಅಂತ ಅರ್ಥ, ಅದನ್ನು ತಿಳಿದು ಹೇಳಲು ಕಣಿ ಹೇಳುವವರ ಹತ್ತಿರ ಹೋಗುತ್ತಾರೆ. ಏನೂ ತಿಳಿಯದ ಮಗು ಅಂತ ಲಾಕ್ ಎಲ್ಲಿಂದ ಶುರು ಮಾಡಿದನೋ, ಇವರು ಅದರ ಪೂರ್ತಿ ವಿರುದ್ಧ ತುದಿಯಿಂದ ಶುರು ಮಾಡುತ್ತಾರೆ.

ಕೆನಡಾದ ಉತ್ತರದ ಉತ್ಕು ಇನುಯಿಟ್ ಜನರ ಜೊತೆ ಜೀನ್ ಬ್ರಿಗ್ಸ್ ಅನ್ನುವ ಇನ್ನೊಬ್ಬ ಮಾನವಶಾಸ್ತ್ರಜ್ಞೆ 1960ರ ದಶಕದಲ್ಲಿ ಒಂದೂವರೆ ವರ್ಷದ ಹತ್ತಿರ ಇದ್ದಳು. ಅಲ್ಲಿ ಪುಟ್ಟ ಮಕ್ಕಳ ಮೇಲೆ ಕೂಗಾಡುವುದಿಲ್ಲ. ಯಾಕೆಂದರೆ ಮಗುವಿಗೆ 'ಇಹುಮ' ಇನ್ನೂ ಬಂದಿಲ್ಲ. ಇಹುಮ ಅಂದರೆ ವಿವೇಕ, ತಿಳಿವಳಿಕೆ, ಅದು ಮೆಲ್ಲಗೆ ಬೆಳೆಯುವಂಥದ್ದು. ಬಾರದೇ ಇರುವುದಕ್ಕೆ ಬೈದು ಏನು ಪ್ರಯೋಜನ? ಮಗುವಿನ ಮೇಲೆ ಸಿಟ್ಟಾಗುವ ದೊಡ್ಡವರಿಗೇ ಇಹುಮ ಕಮ್ಮಿ ಅಂತ. ನಮ್ಮ 'ಬುದ್ಧಿ ಬಂದಿಲ್ಲ' ಅನ್ನುವ ಮಾತು ಇದಕ್ಕೆ ಎಷ್ಟು ಹತ್ತಿರ ನೋಡಿ! ಆದರೆ ನಾವು ಅದನ್ನು ಬೈಗುಳವಾಗಿ ಬಳಸುತ್ತೇವೆ, ಅವರು ತಾಳ್ಮೆಗೆ ಕಾರಣವಾಗಿ ಬಳಸುತ್ತಾರೆ. ಇದನ್ನು ಕೇಳಿದ ಮೇಲೆ ಆ ಮಾತು ನನ್ನ ಬಾಯಿಗೆ ಬಂದಾಗಲೆಲ್ಲ ತಡೆದುಕೊಳ್ಳುತ್ತಿದ್ದೇನೆ.

ಇನ್ನೂ ಇದೆ. ಮಧ್ಯ ಆಫ್ರಿಕಾದ ಅಕಾ ಜನರಲ್ಲಿ ಅಪ್ಪಂದಿರು ದಿನದ ಅರ್ಧದ ಹತ್ತಿರ, ಸಂಶೋಧಕ ಬ್ಯಾರಿ ಹ್ಯೂಲೆಟ್ ಅಳೆದ ಪ್ರಕಾರ ನೂರಕ್ಕೆ 47ರಷ್ಟು ಸಮಯ, ಕೂಸಿನ ಕೈಗೆಟುಕುವಷ್ಟು ದೂರದಲ್ಲೇ ಇರುತ್ತಾರೆ. ಕಾಂಗೋದ ಎಫೆ ಜನರಲ್ಲಿ ಹನ್ನೊಂದು ತಿಂಗಳ ಮಗು ಮಚ್ಚಿನಿಂದ ಹಣ್ಣು ಕತ್ತರಿಸುವ ಒಂದು ಫೋಟೋ ಇದೆ, ಪಕ್ಕದಲ್ಲಿ ನೆಂಟರೊಬ್ಬರು ಗಾಬರಿ ಇಲ್ಲದೆ ಗಮನ ಇಟ್ಟು ಕೂತಿದ್ದಾರೆ. ಗ್ವಾಟೆಮಾಲಾದ ಮಾಯಾ ಅಮ್ಮಂದಿರಿಗೆ, ಅಮೆರಿಕದಲ್ಲಿ ಕೂಸನ್ನು ಬೇರೆ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತಾರೆ ಅಂತ ಹೇಳಿದಾಗ ನಂಬಲಾಗಲಿಲ್ಲ, ಪಾಪ ಅಂದರು. 1997ರಲ್ಲಿ ಡೆನ್ಮಾರ್ಕಿನ ತಾಯಿಯೊಬ್ಬಳು ನ್ಯೂಯಾರ್ಕಿನಲ್ಲಿ ತನ್ನ ದೇಶದ ರೂಢಿಯಂತೆ ಮಗುವನ್ನು ತಳ್ಳುಗಾಡಿಯಲ್ಲಿ ಹೋಟೆಲಿನ ಹೊರಗೆ, ಕಿಟಕಿಯಿಂದ ಕಾಣುವ ಹಾಗೆ ಬಿಟ್ಟು ಒಳಗೆ ಕೂತಳು. ಪೊಲೀಸರು ಬಂಧಿಸಿದರು, ಮಗುವನ್ನು ಕೆಲವು ದಿನ ಅವಳಿಂದ ದೂರ ಇಟ್ಟರು. ಅವಳ ಊರಿನಲ್ಲಿ ತಾಜಾ ಗಾಳಿ ಕೊಡುವ ಒಳ್ಳೆಯ ಅಮ್ಮ, ಈ ಊರಿನಲ್ಲಿ ಅಪರಾಧಿ.

ಹಾಗಾದರೆ ಬೇಸರ ಯಾಕೆ? ಹೇಳುತ್ತೇನೆ. ಮೊದಲ ಏಳು ಪಾಠಗಳಲ್ಲಿ ಯೂರೋಪ್, ಅಮೆರಿಕಕ್ಕೆ ಇಸವಿಗಳಿವೆ, ಕಾಯ್ದೆಗಳಿವೆ, ಜಗಳಗಳಿವೆ, ಬದಲಾವಣೆ ಇದೆ. ಉಳಿದ ಇಡೀ ಪ್ರಪಂಚಕ್ಕೆ ಎರಡೇ ಪಾಠ, ಅದೂ ಒಂದೊಂದು ಜನಾಂಗಕ್ಕೆ ಐದೈದು ನಿಮಿಷ. ಆ ಜನಾಂಗಗಳ ಬಗ್ಗೆ ಒಂದೂ ಇಸವಿ ಇಲ್ಲ. ಮೇಲೆ ನಾನು ಬರೆದ '1960ರ ದಶಕ' ಓದುವ ಪುಟಗಳಲ್ಲಿ ಸಿಕ್ಕಿದ್ದು, ಪಾಠದಲ್ಲಿ ಹೇಳಲೇ ಇಲ್ಲ. 'ಇನುಯಿಟ್ ಜನ ಹೀಗೆ ಮಾಡುತ್ತಾರೆ' ಅಂತ ಇವತ್ತಿನ ಮಾತಿನ ಹಾಗೆ ಹೇಳಿಬಿಡುತ್ತಾರೆ. ಅರವತ್ತು ವರ್ಷದಲ್ಲಿ ಅಮೆರಿಕದ ಬಾಲ್ಯ ತಲೆಕೆಳಗಾಯಿತು ಅಂತ ಹಿಂದಿನ ಪಾಠದಲ್ಲೇ ಹೇಳಿದವರು, ಇನ್ನೊಬ್ಬರ ಬಾಲ್ಯ ಅರವತ್ತು ವರ್ಷ ಅಲ್ಲಾಡದೆ ನಿಂತಿದೆ ಅನ್ನುವ ಹಾಗೆ ಹೇಗೆ ಮಾತಾಡುತ್ತಾರೆ? ಅದೇ ಕೆನಡಾದಲ್ಲಿ ಇನುಯಿಟ್ ಮಕ್ಕಳನ್ನೂ ಮನೆಯಿಂದ ತೆಗೆದು ವಸತಿ ಶಾಲೆಗಳಿಗೆ ಹಾಕಿದ್ದರು, ಭಾಷೆ ಬಿಡಿಸಿದ್ದರು, ದೇಶದ ಪ್ರಧಾನಿ 2008ರಲ್ಲಿ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ಬಾಲ್ಯದ ಇತಿಹಾಸ ಹೇಳುವ ಕೋರ್ಸಿನಲ್ಲಿ ಇದು ಬರಲೇ ಇಲ್ಲ ಅನ್ನುವುದು ಸಣ್ಣ ತಪ್ಪಲ್ಲ. 'ನಮ್ಮ ರೀತಿಯ ಬಾಲ್ಯವೇ ಸರಿ' ಅಂತ ಒಬ್ಬರು ತೀರ್ಮಾನಿಸಿದಾಗ ಇನ್ನೊಬ್ಬರ ಮಕ್ಕಳಿಗೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ? ಆ ಒಂದು ಸ್ಟಾರ್ ಹೋಗಿದ್ದು ಇಲ್ಲೇ.

ಹತ್ತನೇ ಪಾಠದಲ್ಲಿ ಮತ್ತೆ ಸರಿದಾರಿಗೆ ಬರುತ್ತಾರೆ. ಮೊದಲ ಮಹಾಯುದ್ಧದ ನಂತರ ಹಸಿದ ಮಕ್ಕಳಿಗಾಗಿ ಓಡಾಡಿದ ಎಗ್ಲಂಟೈನ್ ಜೆಬ್, ಮಕ್ಕಳ ಹಕ್ಕುಗಳ ಬಗ್ಗೆ ಅವಳು ಬರೆದ ಐದು ಅಂಶಗಳನ್ನು 1924ರಲ್ಲಿ ವಿಶ್ವಸಂಸ್ಥೆಗೂ ಮುಂಚಿನ ಲೀಗ್ ಆಫ್ ನೇಷನ್ಸ್ ಒಪ್ಪಿದ್ದು, ಅಲ್ಲಿಂದ 1959ರ ವಿಶ್ವಸಂಸ್ಥೆಯ ಘೋಷಣೆ, ಆಮೇಲೆ 1989ರ ಒಡಂಬಡಿಕೆ. ಈ 1989ರ ಒಡಂಬಡಿಕೆಗೆ ಅಮೆರಿಕ ಸಹಿ ಹಾಕಿದರೂ ಇವತ್ತಿಗೂ ಅನುಮೋದನೆ ಕೊಟ್ಟಿಲ್ಲ. 1990ರಲ್ಲಿ ಆಫ್ರಿಕಾದ ದೇಶಗಳು ತಮ್ಮದೇ ಒಂದು ಸನ್ನದು ಬರೆದವು. ಅದರಲ್ಲಿ ಮಗುವಿನ ಹಕ್ಕುಗಳ ಜೊತೆಗೆ ಜವಾಬ್ದಾರಿಗಳ ಬಗ್ಗೆಯೂ ಒಂದು ವಿಧಿ ಇದೆ, 31ನೆಯದು: ವಯಸ್ಸಿಗೆ, ಶಕ್ತಿಗೆ ತಕ್ಕಂತೆ ಕುಟುಂಬಕ್ಕೆ ನೆರವಾಗಬೇಕು, ಹಿರಿಯರನ್ನು ಗೌರವಿಸಬೇಕು ಅಂತ. ಮಗು ಅಂದರೆ ಬರೀ ಕಾಪಾಡಬೇಕಾದದ್ದು ಅಲ್ಲ, ಅದಕ್ಕೂ ಕೊಡುವುದು ಇದೆ ಅನ್ನುವ ದೃಷ್ಟಿ. ಬೊಲಿವಿಯಾ 2014ರಲ್ಲಿ ಕೆಲವು ಷರತ್ತುಗಳ ಮೇಲೆ ಹತ್ತು ವರ್ಷದವರೂ ದುಡಿಯಬಹುದು ಅಂತ ಕಾನೂನು ಮಾಡಿತು, ಕೆಲಸ ಮಾಡುವ ಮಕ್ಕಳ ಸಂಘಟನೆಗಳೇ ತಮಗೆ ದುಡಿಯುವ ಹಕ್ಕು ಬೇಕು ಅಂತ ಬೀದಿಗಿಳಿದಿದ್ದವು. 2017ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಆ ಮಕ್ಕಳು ಹೇಳಿದ್ದು ತಪ್ಪು ಅಂತ ನನಗೆ ಸುಲಭವಾಗಿ ಹೇಳಲಾಗುತ್ತಿಲ್ಲ. ಸರಿ ಅಂತಲೂ ಹೇಳಲಾರೆ, ಯಾಕೆಂದರೆ ಕತ್ತಲಲ್ಲಿ ಹಾಡಲು ಹೆದರಿದ ಆ ಹುಡುಗಿ ಕಣ್ಣ ಮುಂದೆ ಬರುತ್ತಾಳೆ. 2024ರ ಲೆಕ್ಕದಲ್ಲಿ ಜಗತ್ತಿನಲ್ಲಿ ಬಾಲಕಾರ್ಮಿಕರು ಸುಮಾರು 13.8 ಕೋಟಿ. 2000ದಲ್ಲಿ 24.6 ಕೋಟಿ ಇದ್ದರು.

ಹನ್ನೊಂದನೆಯದು ಅಪರಾಧ ಮತ್ತು ಶಿಕ್ಷೆ. ಮಕ್ಕಳಿಗಾಗಿ ಬೇರೆ ಕೋರ್ಟು 1899ರಲ್ಲಿ ಶಿಕಾಗೋದಲ್ಲಿ ಶುರುವಾಯಿತು. ಇವತ್ತಿಗೂ ಇಂಗ್ಲೆಂಡಿನಲ್ಲಿ ಹತ್ತು ವರ್ಷದ ಮಗುವಿನ ಮೇಲೆ ಕೇಸು ಹಾಕಬಹುದು, ಸ್ಕಾಟ್ಲೆಂಡಿನಲ್ಲಿ ಹನ್ನೆರಡು ಆಗಬೇಕು ಅಂತ ಪಾಠ ಹೇಳುತ್ತದೆ. ಮಕ್ಕಳನ್ನು ಹೊಡೆಯುವುದನ್ನು ಮನೆಯಲ್ಲೂ ನಿಷೇಧಿಸಿದ ಮೊದಲ ದೇಶ ಸ್ವೀಡನ್, 1979ರಲ್ಲಿ. ಪಾಠ ಚಿಕ್ಕದು, ಚೊಕ್ಕ. ಹನ್ನೆರಡನೆಯದು ಹಿಂದಿನ ಹನ್ನೊಂದನ್ನು ಮತ್ತೆ ಹೇಳುತ್ತದೆ ಅಷ್ಟೆ, ಬಿಟ್ಟರೂ ನಷ್ಟವಿಲ್ಲ.

ಇನ್ನು ಸೌಕರ್ಯದ ವಿಷಯ. ವಿಡಿಯೋ, ಧ್ವನಿ ಎರಡೂ ಚೆನ್ನಾಗಿವೆ, ಫೋನಿನಲ್ಲೂ ತೊಡಕಿಲ್ಲ. ಸಬ್‌ಟೈಟಲ್ ಮಾತ್ರ ಕೆಟ್ಟದಾಗಿದೆ, ಹೆಸರುಗಳೆಲ್ಲ ತಪ್ಪು ತಪ್ಪು. ಆರಿಯೆಸ್‌ನ ಹೆಸರು ಮೂರು ಥರ ಬಂತು. ಕ್ವಿಜ್‌ನಲ್ಲಿ ಬರೀ ಇಸವಿ ಕೇಳುತ್ತಾರೆ. ಇಷ್ಟು ಒಳ್ಳೆಯ ಪಾಠ ಮಾಡಿ 'ಯಾವ ವರ್ಷ' ಅಂತ ಕೇಳಿದರೆ ಹೇಗೆ? ಮೊಂಟೇನ್ ಮತ್ತು ಲೂಥರ್ ಇಬ್ಬರ ಮಾತನ್ನೂ ಕೊಟ್ಟು, ಇವರಲ್ಲಿ ಯಾರನ್ನು ಆ ಕಾಲದ ಪ್ರತಿನಿಧಿ ಅನ್ನುತ್ತೀರಿ, ಯಾಕೆ ಅಂತ ಕೇಳಬಹುದಿತ್ತು. ಓದುವ ಪುಟಗಳು ನಿಜಕ್ಕೂ ಚೆನ್ನಾಗಿವೆ, ಅದರಲ್ಲೂ ಗಣಿ ವರದಿಯಿಂದ ಆರಿಸಿದ ಮಕ್ಕಳ ಹೇಳಿಕೆಗಳು. ಅವನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಕೋರ್ಸಿನ ಅವಧಿ ಮುಗಿದ ಮೇಲೆ ತೆರೆಯುವುದಿಲ್ಲ.

ನೋಡುವವರು ಮೂರನೇ ಪಾಠದಿಂದ ಶುರು ಮಾಡಬೇಡಿ, ಎರಡನ್ನು ನೋಡಿ ಆರಿಯೆಸ್‌ನನ್ನು ಪೂರ್ತಿ ಒಪ್ಪಿಕೊಂಡ ಮೇಲೇ ಮೂರಕ್ಕೆ ಹೋದರೆ ಅದರ ಪೆಟ್ಟು ಗೊತ್ತಾಗುವುದು. ಆರನೆಯದನ್ನು ರಾತ್ರಿ ನೋಡಬೇಡಿ. ಎಂಟು, ಒಂಬತ್ತಕ್ಕೆ ಮುಂಚೆ ಓದುವ ಪುಟಗಳನ್ನು ಮುಗಿಸಿಕೊಳ್ಳಿ, ಯಾರು ಯಾವಾಗ ಹೋಗಿ ನೋಡಿ ಬರೆದದ್ದು ಅಂತ ಅಲ್ಲಿ ಇದೆ. ಆ ಎರಡು ಪಾಠಗಳಿಗೆ ಇಸವಿ ಸೇರಿಸಿ, ವಸತಿ ಶಾಲೆಗಳ ವಿಷಯ ಸೇರಿಸಿ ಅಂತ ಕೋರ್ಸಿನವರಿಗೆ ಉದ್ದದ ಪತ್ರ ಬರೆದೆ. ನಾಲ್ಕು ದಿನಕ್ಕೆ ಉತ್ತರ ಬಂತು, ಹೊಸ ಆವೃತ್ತಿಯಲ್ಲಿ ನೋಡುತ್ತೇವೆ ಅಂದಿದ್ದಾರೆ. ಸೇರಿಸಿದ ದಿನ ಈ ವಿಮರ್ಶೆಗೆ ಬಂದು ಐದನೇ ಸ್ಟಾರ್ ಹಾಕುತ್ತೇನೆ.